ಬಲಗಡೆಯ ಮೂರನೇ ಹಲ್ಲು

ಜನವರಿ 6

ನಾದಿನಿಗೆ,

ನಿನ್ನೆ ಫೋನು ಕತ್ತರಿಸಿದ್ದು ನಾನೇ. ಲೈನು ಹೋಯಿತು ಎಂದು ನಿನ್ನಣ್ಣ ಆಮೇಲೆ ಹೇಳಿದ್ದು ಸುಳ್ಳು. ಕೆಲಸ ಹೋಗಿ ಮನೆಯಲ್ಲಿ ಕೂತ ಮೇಲೆ ಎಲ್ಲರನ್ನೂ ಸಮಾಧಾನ ಮಾಡುವುದೇ ಅವರ ಕೆಲಸವಾಗಿದೆ. ಇನ್ನು ಮೇಲೆ ನಮ್ಮ ಜಗಳ ಕಾಗದದಲ್ಲೇ ಆಗಲಿ. ಇಲ್ಲಿಯಾದರೆ ನಾನು ಒಂದು ಮಾತು ಮುಗಿಸುವ ತನಕ ನೀನು ಬಾಯಿ ಹಾಕುವಂತಿಲ್ಲ.

ನಮ್ಮ ಪಾರ್ಕಿನ ರೋಲರ್ ಕೋಸ್ಟರನ್ನು ನೀನು "ಬಣ್ಣ ಬಳಿದ ಡಬ್ಬ" ಎಂದೆ. ಆರು ತಿಂಗಳು ಪ್ಲಾಸ್ಟರ್ ಧೂಳು ಕುಡಿದವಳು ನಾನು. ಆ ಡಬ್ಬದಲ್ಲಿ ಏನಿದೆ ಎಂದು ಕೇಳಿಸಿಕೋ.

ಇದರ ಹೆಸರು ಪಾತಾಳದ ಬಾಯಿ. ಜನ ಸಾಲಿನಲ್ಲಿ ನಿಲ್ಲುವ ದಾರಿಯೇ ಒಂದು ಗುಹೆ. ಅದರ ಒಂದು ಗೋಡೆ ರಬ್ಬರಿನದು, ಹಿಂದೆ ಫ್ಯಾನ್ ಇಟ್ಟಿದ್ದೇವೆ. ಗೋಡೆ ನಿಧಾನವಾಗಿ ಉಬ್ಬುತ್ತದೆ, ಇಳಿಯುತ್ತದೆ. ಅದಕ್ಕೆ ಒರಗಿ ನಿಂತವರು ಬೆನ್ನ ಹಿಂದೆ ಏನೋ ಉಸಿರಾಡಿತೆಂದು ಹಾರಿಬೀಳುತ್ತಾರೆ. ಬಂಡಿ ಮೇಲೆ ಹತ್ತಿ ಒಮ್ಮೆ ಬಿತ್ತೋ, ಎದುರಿಗೇ ಒಂದು ಪ್ರಾಣಿಯ ಬಾಯಿ. ಎಡಕ್ಕೆ ಹನ್ನೊಂದು ಹಲ್ಲು, ಬಲಕ್ಕೆ ಹನ್ನೊಂದು, ಎಲ್ಲಾ ಮೇಲಿನ ದವಡೆಯಿಂದ ಇಳಿದದ್ದು. ಪ್ರತಿ ಹಲ್ಲನ್ನೂ ಫೋಮಿನಲ್ಲಿ ಕೆತ್ತಿ, ತಂತಿ ಬಲೆ ಸುತ್ತಿ, ಪ್ಲಾಸ್ಟರ್ ಹಚ್ಚಿ, ನಾಲ್ಕು ಸಲ ಬಣ್ಣ ಕೊಟ್ಟಿದ್ದೇನೆ. ಬಂಡಿ ಆ ಹಲ್ಲುಗಳ ನಡುವೆಯೇ ನುಗ್ಗುತ್ತದೆ.

ಮೊದಲು ಅವು ಅಷ್ಟು ಹತ್ತಿರ ಇರಲಿಲ್ಲ. ಜನರನ್ನು ಕೂರಿಸುವ ಮೊದಲು ಬಂಡಿಯ ಮೇಲೆ ಮರದ ಚೌಕಟ್ಟು ಕಟ್ಟಿ, ಎಲ್ಲರಿಗಿಂತ ಉದ್ದದವನು ಕೈಯೆತ್ತಿದರೆ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೆ ಫೋಮಿನ ಕೈ ಸಿಕ್ಕಿಸಿ, ನಿಧಾನವಾಗಿ ಒಳಗೆ ಬಿಟ್ಟು ನೋಡುತ್ತಾರೆ. ಎಲ್ಲೂ ತಾಗದಿದ್ದರೆ ಸರಿ. ನಮ್ಮದು ಎಲ್ಲೂ ತಾಗಲಿಲ್ಲ. ಮೆಕ್ಯಾನಿಕ್, ನಾವೆಲ್ಲ ಪಾನಾ ಅಜ್ಜ ಎಂದು ಕರೆಯುವವರು, ಸಹಿ ಹಾಕಿದರು. ಆಮೇಲೆ ನಾನು ಕೆಳಗೆ ನಿಂತು ನೋಡಿದರೆ ಹಲ್ಲುಗಳು ಮುದುಕನ ಬಾಯಿಯ ಹಾಗೆ ಕಂಡವು. ಮನಸ್ಸು ತಡೆಯಲಿಲ್ಲ. ಮುಂದಿನ ಕೆಲವು ಹಲ್ಲುಗಳ ತುದಿಗೆ ನಾಲ್ಕು ಬೆರಳಷ್ಟು ಬೆಳೆಸಿ, ಚೂಪು ಮಾಡಿದೆ. ಈಗ ಬಾಯಿ ಹತ್ತಿರ ಬಂದಾಗ ಎಲ್ಲರೂ ತಲೆ ಬಗ್ಗಿಸುತ್ತಾರೆ, ಕೈ ಮಡಿಲಿಗೆ ಇಳಿಸುತ್ತಾರೆ. ಮ್ಯಾನೇಜರ್ ನೋಡಿ, "ಇದಪ್ಪಾ ಕೈಕೆಲಸ" ಅಂದರು.

ಇದರ ಜೊತೆ ಮನೆಯವರಿಗೆ ಕೊಡುವ ನನ್ನ ಪಾಸು ಇಟ್ಟಿದ್ದೇನೆ. ಬಂದು ನೋಡಿ ಮಾತಾಡು. ಗೇಟಿನಲ್ಲಿ ನೀನು ನಮ್ಮ ಎದುರಾಳಿ ಪಾರ್ಕಿನಲ್ಲಿ ಕೆಲಸ ಮಾಡುವವಳು ಎಂದು ಮಾತ್ರ ಬಾಯಿ ಬಿಡಬೇಡ. ಹೋದ ವರ್ಷ ನಿಮ್ಮವನೊಬ್ಬ ಅಳತೆ ಟೇಪು ಹಿಡಿದು ಸಿಕ್ಕಿಬಿದ್ದ ಮೇಲೆ, ನಿಮ್ಮವರನ್ನು ಒಳಗೆ ತಂದವರ ಕೆಲಸವನ್ನೂ ಕಿತ್ತುಕೊಳ್ಳುತ್ತಾರೆ.

ಅತ್ತಿಗೆ


ಜನವರಿ 14

ಅತ್ತಿಗೆಯವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಒಂದು ಸಲ ನನಗೆ, ಇನ್ನೊಂದು ಸಲ ನನ್ನ ಕೋಣೆಯಲ್ಲಿರುವ ಟಿಕೆಟ್ ಕೌಂಟರಿನವಳಿಗೆ. "ನಿಮ್ಮತ್ತಿಗೆ ಹಲ್ಲಿನ ಡಾಕ್ಟರಾ?" ಎಂದು ಕೇಳಿದಳು.

ನಮ್ಮ ಪಾರ್ಕಿನ ಕೋಸ್ಟರು ಸುಂಟರಗಾಳಿಗೆ ಗುಹೆಯೂ ಇಲ್ಲ, ಬಾಯಿಯೂ ಇಲ್ಲ. ಬರೀ ಕಬ್ಬಿಣ, ಬೂದು ಬಣ್ಣ. ಮೇಲೆ ಹತ್ತುವಾಗ ಅಕ್ಕಪಕ್ಕ ಏನೂ ಇರುವುದಿಲ್ಲ, ಅದೇ ಹೆದರಿಕೆ. ಕಾಲ ಕೆಳಗೆ ಪಾರ್ಕಿಂಗಿನ ಕಾರುಗಳು ಬೆಂಕಿಪೊಟ್ಟಣದಷ್ಟಾಗುತ್ತವೆ. ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆಗ ಯಾರೂ ಕಿರುಚುವುದಿಲ್ಲ. ಕಿರುಚಾಟವೆಲ್ಲ ಆಮೇಲೆ.

ದಿನಕ್ಕೆ ಎಷ್ಟೋ ಸಾವಿರ ಸಲ ನಾನು ಜನರ ತೊಡೆಯ ಮೇಲಿನ ಸರಳನ್ನು ಒತ್ತಿ, ಮತ್ತೆ ಬಲಗೈಯಿಂದ ಮೇಲಕ್ಕೆ ಎಳೆದು ನೋಡುತ್ತೇನೆ. ಅಲುಗಲಿಲ್ಲ ಎಂದರೆ ಮಾತ್ರ ಹೆಬ್ಬೆರಳು ಎತ್ತುವುದು. ಎಳೆಯುವಾಗ ಅವರ ಮುಖ ನನ್ನ ಮುಖಕ್ಕೆ ಒಂದು ಮೊಳ ದೂರದಲ್ಲಿರುತ್ತದೆ. ನಿಜವಾದ ಹೆದರಿಕೆ ಯಾವುದು, ತೋರಿಕೆಯ ಹೆದರಿಕೆ ಯಾವುದು ಎಂದು ನನಗೆ ಹೇಳಿಕೊಡಬೇಡಿ. ನೀವು ಹೆದರಿಕೆಗೆ ಬಟ್ಟೆ ತೊಡಿಸುವವರು, ನಾವು ಅದನ್ನು ಬರಿಮೈಯಲ್ಲಿ ನಿಲ್ಲಿಸುವವರು.

ನಿಮ್ಮ ಕೆಲಸ ಕೆಟ್ಟದ್ದು ಎನ್ನುತ್ತಿಲ್ಲ. ನನ್ನ ಕೆಲಸ ಕೆಲಸವೇ ಅಲ್ಲ ಎನ್ನುವ ಹಾಗೆ ನೀವು ಮಾತಾಡುತ್ತೀರಿ, ಅದಕ್ಕೆ ಸಿಟ್ಟು. ಅಣ್ಣನ ಮದುವೆಯ ದಿನದಿಂದಲೂ ಹಾಗೇ. "ಉದ್ದ ಕೈಯವಳು, ಅಟ್ಟದಿಂದ ಪಾತ್ರೆ ತೆಗೆಯೋಕೆ ಸರಿ" ಎಂದು ಎಲ್ಲರೆದುರು ನಗಾಡಿದಿರಿ. ನನಗೆ ಮರೆತಿಲ್ಲ.

ಇಪ್ಪತ್ತೆಂಟನೇ ತಾರೀಖು, ಬುಧವಾರ, ನನಗೆ ರಜೆ. ಬರುತ್ತೇನೆ. ನಿಮ್ಮ ಬಾಯಿಯೊಳಗೆ ಹೋಗಿ ನಗುತ್ತಲೇ ಹೊರಗೆ ಬರುತ್ತೇನೆ, ನೋಡುತ್ತಿರಿ. ಅಣ್ಣನಿಗೆ ಹೇಳಿ, ಸಂಜೆ ಮನೆಗೆ ಬರುವೆ.

ನಾದಿನಿ


ಫೆಬ್ರುವರಿ 9

ಅತ್ತಿಗೆಯವರಿಗೆ,

ಬಂದಿದ್ದೆ. ನೋಡಿದೆ.

ಗುಹೆ ಚೆನ್ನಾಗಿದೆ. ಗೋಡೆ ಉಸಿರಾಡುವುದು ನನಗೆ ಹಿಡಿಸಿತು. ಹಿಂದೆ ನಿಂತಿದ್ದ ಹೆಂಗಸು ಗಂಡನ ತೋಳು ಹಿಡಿದುಕೊಂಡಳು. ಏರುವಾಗಿನ ಕತ್ತಲೂ ಸರಿ. ಬೀಳುವುದು ನಮ್ಮದರ ಅರ್ಧದಷ್ಟೂ ಇಲ್ಲ, ಆದರೂ ನೀವು ಬಾಯಿ ಇಟ್ಟ ಜಾಗ ಒಳ್ಳೆಯದು.

ಹಲ್ಲು ಜಾಸ್ತಿಯಾಗಿವೆ. ಅದರಲ್ಲೂ ಬಲಗಡೆಯ ಮೂರನೆಯದು ಬೇಡವೇ ಬೇಡ, ಚೆಂದ ಕೆಡಿಸುತ್ತದೆ. ಅದನ್ನು ತೆಗೆದುಹಾಕಿ. ಬೇಗ ತೆಗೆಯಿರಿ. ತೆಗೆಯುವುದಾದರೆ ಸುಮ್ಮನೆ ಬಣ್ಣ ಹಚ್ಚುವ ನೆಪ ಹೇಳಿ, ಯಾರಿಗೂ ಏನೂ ವಿವರಿಸಬೇಡಿ.

ಅಂದು ತಲೆ ನೋಯುತ್ತಿತ್ತು, ಮನೆಗೆ ಬರಲಾಗಲಿಲ್ಲ. ಅಣ್ಣನಿಗೆ ಹೇಳಿಬಿಡಿ.

ನಾದಿನಿ


ಫೆಬ್ರುವರಿ 13

ನಾದಿನಿಯಮ್ಮನವರಿಗೆ,

ತಮ್ಮ ತೀರ್ಪು ತಲುಪಿತು. ಬರೆಯಲು ಆಳನ್ನೂ ಇಟ್ಟುಕೊಂಡಿದ್ದೀರಿ ಎಂದು ಅಕ್ಷರ ನೋಡಿಯೇ ಗೊತ್ತಾಯಿತು. ಕೋಣೆಯವಳ ಕೈಬರಹವೇ? ಗುಂಡಗೆ, ಒಪ್ಪವಾಗಿದೆ. ನೀನು ಬರೆದರೆ ಕೋಳಿ ಕೆದಕಿದ ಹಾಗಿರುತ್ತಿತ್ತು. ಅತ್ತಿಗೆಯ ಕೆಲಸಕ್ಕೆ ಮೂಗು ಮುರಿಯುವಾಗ ಅಕ್ಷರವಾದರೂ ಚೆನ್ನಾಗಿರಲಿ ಎಂದುಕೊಂಡೆಯೇನು?

ನಿನ್ನಣ್ಣ ಆ ಸಂಜೆ ಬಸ್ ನಿಲ್ದಾಣದಲ್ಲಿ ಮೂರು ಬಸ್ಸು ಬಂದುಹೋಗುವ ತನಕ ಕಾದರು. ವಾಪಸು ಬಂದು, "ಅವಳಿಗೆ ರಜೆ ಸಿಕ್ಕಿರಲ್ಲ ಬಿಡು" ಅಂದರು. ಮೂವರ ಅಡುಗೆ ಮಾಡಿಟ್ಟಿದ್ದೆ. ಈಗ ನಿನ್ನ ಕಾಗದ ಬಂತು: ಊರಿಗೆ ಬಂದಿದ್ದೆ, ತಲೆನೋವು. ಕೋಸ್ಟರಿನಲ್ಲಿ ಕೂರಲು ಇಲ್ಲದ ತಲೆನೋವು ಅಣ್ಣನ ಮುಖ ನೋಡಲು ಬಂತೇನು?

ಹಲ್ಲು ಜಾಸ್ತಿಯಂತೆ. ಬರೀ ಕಬ್ಬಿಣ ನೋಡಿ ಬೆಳೆದ ಕಣ್ಣಿಗೆ ಎಲ್ಲವೂ ಜಾಸ್ತಿಯೇ. ಹೊಟ್ಟೆಕಿಚ್ಚು ಎಂದು ಒಂದೇ ಮಾತಿನಲ್ಲಿ ಬರೆದಿದ್ದರೆ ನಿನ್ನ ಬರಹಗಾರ್ತಿಗೂ ಶ್ರಮ ಕಡಿಮೆಯಾಗುತ್ತಿತ್ತು.

ಅಂದಹಾಗೆ, ನೀನು ಬಂದ ಬುಧವಾರವೇ ಯಾರೋ ಪುಣ್ಯಾತ್ಮರು ಅದೇ ಮೂರನೇ ಹಲ್ಲಿಗೆ ಏನೋ ಬೀಸಿ ಹೊಡೆದಿದ್ದಾರೆ. ತುದಿಯ ಪ್ಲಾಸ್ಟರ್ ಒಂದು ಚಕ್ಕೆ ಎದ್ದಿತ್ತು, ಕೆಂಪಗೆ ಕಲೆ. ಬಾಟಲಿಯೋ ಬಣ್ಣದ ನೀರೋ. ಮರುದಿನ ಬೆಳಗ್ಗೆ ಏಣಿ ಹಾಕಿ ಉಜ್ಜಿ ತೊಳೆದೆ. ಜನಕ್ಕೆ ಒಂದು ಒಳ್ಳೆಯ ವಸ್ತು ಕಂಡರಾಗದು. ಮತ್ತೆ ಮುರಿಯದಿರಲೆಂದು ಒಳಗೆ ಇನ್ನೊಂದು ಸುತ್ತು ತಂತಿ ಹಾಕಿ, ಮೊದಲಿಗಿಂತ ದಪ್ಪಗೆ ಮಾಡಿದ್ದೇನೆ. ಈಗ ಕಲ್ಲು ಹೊಡೆದರೂ ಜಗ್ಗದು.

ಅತ್ತಿಗೆ


ಫೆಬ್ರುವರಿ 19

ಅತ್ತಿಗೆ,

ದಪ್ಪಗೆ ಮಾಡಿದಿರಾ? ತೆಗೆಯಿರಿ ಎಂದರೆ ದಪ್ಪಗೆ ಮಾಡಿದಿರಾ? ನಾನು ಹೇಳಿದ ಒಂದೇ ಒಂದು ಮಾತು ಈ ಹತ್ತು ವರ್ಷದಲ್ಲಿ ನಿಮ್ಮ ಕಿವಿಗೆ ಹೋಗಿದೆಯೇ?

ನೀವು ಮಾಡಿದ ಬಾಯಿಯೊಳಗೆ ನೀವು ಒಂದು ಸಲವಾದರೂ ಕೂತು ಹೋಗಿದ್ದೀರಾ? ಇಲ್ಲ. ನಿಮಗೆ ತಲೆ ಸುತ್ತುತ್ತದೆ, ಬಸ್ಸಿನಲ್ಲೂ ಮುಂದಿನ ಸೀಟೇ ಬೇಕು. ಏಣಿಯ ಮೇಲೆ ನಿಂತು ನೋಡುವುದಲ್ಲ. ಕೂತು ಹೋಗಿ ನೋಡಿ. ಹೋದರೆ ಕೈಯನ್ನು ಮಾತ್ರ ಮಡಿಲಲ್ಲೇ ಇಟ್ಟುಕೊಳ್ಳಿ.

ನನ್ನನ್ನು ಈಗ ಚಪ್ಪಲಿ, ಬ್ಯಾಗು ಇಡುವ ಗೂಡಿನ ಹತ್ತಿರ ಹಾಕಿದ್ದಾರೆ. ನಾನೇ ಕೇಳಿಕೊಂಡೆ. ಸರಳು ಎಳೆದು ಎಳೆದು ಬೇಸರವಾಗಿತ್ತು.

ಇಲ್ಲೂ ಒಂದು ಸುದ್ದಿ. ನಿಮ್ಮ ಬಾಯಿಗೆ ಜನ ಹೋಗುತ್ತಿದ್ದಾರೆಂದು ನಮ್ಮ ಮ್ಯಾನೇಜರಿಗೂ ಹುಚ್ಚು ಹಿಡಿದಿದೆ. ಸುಂಟರಗಾಳಿಯ ಸುರಂಗದಲ್ಲಿ ಸರಪಳಿ ನೇತುಹಾಕುತ್ತಾರಂತೆ, "ತಲೆಗೆ ತಾಗಿತು ಅನ್ನಿಸಬೇಕು, ತಾಗಬಾರದು" ಅಂತ. ಚೌಕಟ್ಟು ಬಿಟ್ಟು ನೋಡುವ ಮಾತು ಯಾರೂ ಎತ್ತಿಲ್ಲ.

ನಾದಿನಿ

ಬರೆಯುವವಳ ಒಂದು ಮಾತು: ಇವಳು ಹೇಳಿದಂತೆ ಬರೆಯುತ್ತಿದ್ದೇನೆ, ಬೈಗುಳದಲ್ಲಿ ನನ್ನ ಪಾಲಿಲ್ಲ. ಆದರೆ ಇವಳು ಹೇಳದೆ ಉಳಿಸಿಕೊಂಡದ್ದು ಹೇಳಿದ್ದಕ್ಕಿಂತ ಹೆಚ್ಚಿದೆ.


ಫೆಬ್ರುವರಿ 24

ನಾದಿನಿಗೆ,

ಹೇಡಿ ಎಂದು ನೇರವಾಗಿ ಬರೆಯಬಹುದಿತ್ತು. ಹೌದು, ನನಗೆ ತಲೆ ಸುತ್ತುತ್ತದೆ. ಅಡುಗೆ ಮಾಡಿದವಳು ಪಾತ್ರೆಯೊಳಗೆ ಇಳಿದು ನೋಡಬೇಕೆಂದಿದೆಯೇ? ಅದರ ಮೇಲೆ, ಕೈ ಮಡಿಲಲ್ಲಿ ಇಟ್ಟುಕೊಳ್ಳಬೇಕಂತೆ, ಚಿಕ್ಕ ಮಗುವಿಗೆ ಹೇಳಿದ ಹಾಗೆ.

ನಿನ್ನ ಕೋಣೆಯವಳಿಗೆ ಹೇಳು, ನಮ್ಮ ಮನೆಯ ಮಾತಿಗೆ ಅವಳು ಒಗ್ಗರಣೆ ಹಾಕಬೇಕಾಗಿಲ್ಲ. ಮತ್ತೆ, ಎಳೆದು ಬೇಸರವಾಯಿತೆಂದು ಚಪ್ಪಲಿ ಕಾಯಲು ಹೋದೆಯಾ? ಅಷ್ಟು ಜಂಬ ಕೊಚ್ಚಿಕೊಂಡ ಕೆಲಸ ಒಂದೇ ತಿಂಗಳಿಗೆ ಬೇಡವಾಯಿತೇ?

ನಿನ್ನ ಬಾಯಿ ಮುಚ್ಚಿಸುವುದು ನನಗೆ ಗೊತ್ತು. ನಾಳೆ ಬೆಳಗ್ಗೆ ಗೇಟು ತೆಗೆಯುವ ಮೊದಲು ಪಾನಾ ಅಜ್ಜನಿಗೆ ಹೇಳಿ ಅದೇ ಚೌಕಟ್ಟನ್ನು ಮತ್ತೆ ಬಿಡಿಸುತ್ತೇನೆ. ಅವರ ಸಹಿ ಇರುವ ಚೀಟಿಯನ್ನು ನಿನಗೆ ಕಳಿಸುತ್ತೇನೆ. ಗೋಡೆಗೆ ಅಂಟಿಸಿಕೋ.

ಅತ್ತಿಗೆ


ಫೆಬ್ರುವರಿ 25

ಯಾವ ಕೈ?

ಚೌಕಟ್ಟಿನ ಬಲಗೈ ಮೂರನೇ ಹಲ್ಲಿಗೆ ಸಿಕ್ಕಿ ಮಣಿಕಟ್ಟಿನವರೆಗೆ ಮುರಿಯಿತು. ನಡೆದುಹೋಗುವಷ್ಟು ನಿಧಾನವಾಗಿ ಬಿಟ್ಟಿದ್ದರು, ಆದರೂ ಮುರಿಯಿತು. ಪಾನಾ ಅಜ್ಜ ಆ ಫೋಮಿನ ತುಂಡು ಎತ್ತಿಕೊಂಡು, "ನಾ ಸಹಿ ಹಾಕಿದ್ದು ಈ ಹಲ್ಲಿಗಲ್ಲಮ್ಮಾ" ಅಂದರು. ನಾನು ಅಲ್ಲೇ ಹಳಿಯ ಪಕ್ಕ ಕೂತೆ.

ಕೆಂಪು ಕಲೆ. ನಾನು ಅದನ್ನು ಬ್ರಷ್ ಹಾಕಿ ಉಜ್ಜಿದೆ, ಬೈದುಕೊಂಡು ಉಜ್ಜಿದೆ. ಬಕೆಟ್ಟಿನ ನೀರನ್ನು ಗಿಡಕ್ಕೆ ಚೆಲ್ಲಿದೆ.

ಎಲ್ಲರೂ ಕೈ ಇಳಿಸುತ್ತಿದ್ದರು. ಹಾಗೆಂದು ಎಷ್ಟು ಸಲ ಹೆಮ್ಮೆಪಟ್ಟೆ. ನೀನು ಇಳಿಸಿರುವುದಿಲ್ಲ. ನನಗೆ ಗೊತ್ತು ನೀನು ಇಳಿಸಿರುವುದಿಲ್ಲ.

ಯಾವ ಕೈ, ಎಷ್ಟು ಪೆಟ್ಟು, ಯಾರು ನೋಡಿದರು, ಈಗ ಹೇಗಿದೆ. ಬರೆ. ನೀನೇ ಬರೆ. ಬರೆಯಲು ಬಾರದಿದ್ದರೆ ಬಾರದು ಎಂದಾದರೂ ಬರೆಸು. ಹದಿನೈದು ದಿನ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈಯಲು ಬಿಟ್ಟೆಯಲ್ಲ, ಇದಕ್ಕೆ ನಿನಗೆ ಕ್ಷಮೆ ಇಲ್ಲ.

ನಿನ್ನಣ್ಣನಿಗೆ ಇನ್ನೂ ಹೇಳಿಲ್ಲ.

ಅತ್ತಿಗೆ


ಮಾರ್ಚ್ 3

ಅತ್ತಿಗೆ,

ಇದು ನನ್ನ ಎಡಗೈ. ಕೋಳಿಯೇ ಕೆದಕಿದೆ, ಓದಿಕೊಳ್ಳಿ.

ಬಲಗೈ. ನಡುವಿನ ಎರಡು ಬೆರಳು ಮುರಿದವು. ಕೂಡಿವೆ, ಮಡಚಲು ಬರುವುದಿಲ್ಲ. ಸರಳು ಹಿಡಿದು ಎಳೆಯಲು ಆ ಎರಡೇ ಬೆರಳು ಬೇಕು. ಇಲ್ಲಿ ಬಚ್ಚಲಲ್ಲಿ ಜಾರಿಬಿದ್ದೆ ಎಂದು ಹೇಳಿದ್ದೇನೆ.

ತಪ್ಪು ನನ್ನದೂ ಇದೆ. ಹಲ್ಲು ಎದುರಿಗೆ ಬಂದಾಗ ಪಕ್ಕದವರೆಲ್ಲ ಬಗ್ಗಿದರು. ನಾನು ಇನ್ನೂ ಮೇಲಕ್ಕೆ ಚಾಚಿದೆ. ನಿಮ್ಮ ಬಾಯಿಗೆ ಹೆದರಲಿಲ್ಲ ಎಂದು ನಿಮಗೆ ಬರೆಯಬೇಕಿತ್ತು. ತಾಗಿದಾಗ ಏನೂ ಅನ್ನಿಸಲಿಲ್ಲ. ಕೆಳಗೆ ಇಳಿದ ಮೇಲೆ ದುಪಟ್ಟಾ ಸುತ್ತಿಕೊಂಡು ಗೇಟಿನಿಂದ ಹೊರಗೆ ನಡೆದೆ. ದಾರಿಯಲ್ಲಿ ನಿಮ್ಮ ಗುಹೆಯ ಹತ್ತಿರ ಒಬ್ಬ ಕಾವಲಿನವ, "ಹೆಂಗಿತ್ತಕ್ಕಾ?" ಅಂದ. "ಚೆನ್ನಾಗಿತ್ತಪ್ಪ" ಅಂದೆ.

ದೂರು ಕೊಟ್ಟಿದ್ದರೆ ಪಾಸು ಯಾರದು ಎಂದು ಕೇಳುತ್ತಿದ್ದರು. ಆಮೇಲೆ ನಿಮ್ಮ ಕೆಲಸ. ಆ ಮನೆ ಈಗ ನಿಮ್ಮೊಬ್ಬರ ಕೈಮೇಲೆ ನಿಂತಿದೆ. ಅಣ್ಣನನ್ನು ಆ ಸಂಜೆ ಹೇಗೆ ನೋಡಲಿ? ಕೈ ಕಂಡ ಕೂಡಲೇ ಅವನು ನಿಮ್ಮ ಪಾರ್ಕಿಗೆ ನುಗ್ಗುತ್ತಿದ್ದ. ಅದಕ್ಕೇ ಚೆಂದ ಕೆಡುತ್ತದೆ ಎಂದು ಬರೆದೆ. ಬೇರೆ ಹೇಗೆ ಹೇಳಿದರೂ ಕಾಗದ ಯಾರ ಕೈಗಾದರೂ ಸಿಕ್ಕೀತು ಎಂಬ ಭಯ.

ಹಲ್ಲು ಈಗ ಇದೆಯೋ ಇಲ್ಲವೋ, ಅಷ್ಟು ತಿಳಿಸಿ. ಇಲ್ಲ ಎಂದಾದರೆ ಸುಮ್ಮನಿರಿ. ಅವರು ಏನು ಬರೆದುಕೊಡು ಎಂದರೂ ಬರೆದುಕೊಡಿ. ದೊಡ್ಡಸ್ತಿಕೆ ಬೇಡ.

ನಾದಿನಿ


ಮಾರ್ಚ್ 8

ನಾದಿನಿಗೆ,

ಹಲ್ಲು ಇಲ್ಲ. ಆವತ್ತೇ ಇಲ್ಲ. ಕಾಗದ ಅಂಚೆಗೆ ಹಾಕಿ ಬಂದೆ. ಪಾನಾ ಅಜ್ಜ ಬಂಡಿ ಬಿಡುವುದಿಲ್ಲವೆಂದು ಕೀಲಿಕೈ ಜೇಬಿಗೆ ಹಾಕಿಕೊಂಡರು, ನಾನು ಗರಗಸ ಹಿಡಿದು ಏಣಿ ಹತ್ತಿದೆ. ಹೊರಗೆ ಜನ ಸಾಲಿನಲ್ಲಿ ನಿಂತು ಶಿಳ್ಳೆ ಹಾಕುತ್ತಿದ್ದರು. ಬೆಳೆಸಿದ ತುದಿಗಳನ್ನೆಲ್ಲ ಕುಯ್ದೆ, ಆರು. ಮೂರನೆಯದು ಬಹಳ ಹೊತ್ತು ಹಿಡಿಯಿತು. ಚೆನ್ನಾಗಿ ತಂತಿ ಸುತ್ತಿದ್ದೆನಲ್ಲ.

ಮ್ಯಾನೇಜರ್ ಓಡಿ ಬಂದರು. "ಯಾರಿಗೂ ಏನೂ ಆಗಿಲ್ಲ ತಾನೆ? ಒಂದು ದೂರು ಬಂದಿಲ್ಲ ತಾನೆ? ಮತ್ತೆ ಯಾಕ್ರೀ ಈ ರಂಪ?" ಅಂದರು. ಆಫೀಸಿಗೆ ಕರೆದು ಒಂದು ಹಾಳೆ ಮುಂದಿಟ್ಟರು. ಬಣ್ಣ ಹಳೆಯದಾದ ಕಾರಣ ಹಲ್ಲಿನ ತುದಿ ತೆಗೆಯಲಾಗಿದೆ, ಅಷ್ಟೇ. "ಸಹಿ ಹಾಕಿ, ನಾಳೆಯಿಂದ ಕೆಲಸಕ್ಕೆ ಬನ್ನಿ. ಇದೇ ಬಾಯಿಯನ್ನ ನಮ್ಮ ಇನ್ನೊಂದು ಪಾರ್ಕಲ್ಲೂ ಮಾಡೋದಿದೆ, ನಿಮ್ಮ ಕೈನೇ ಬೇಕು." ಯೋಚಿಸಲು ಹತ್ತು ದಿನ ಕೊಟ್ಟರು. ಯೋಚಿಸಬೇಕು ಅನ್ನಿಸಿತು, ನಿನಗೆ ಸುಳ್ಳು ಹೇಳುವುದಿಲ್ಲ. ವಾರವಿಡೀ ಆ ಹಾಳೆ ನಮ್ಮ ಅಡುಗೆಮನೆಯ ಶೆಲ್ಫಿನ ಮೇಲಿತ್ತು.

ಆಮೇಲೆ ನಿನ್ನ ಕಾಗದ ಬಂತು. ಬರೆದುಕೊಡಿ, ಸುಮ್ಮನಿರಿ ಎಂದು ಎಡಗೈಯಲ್ಲಿ ಬರೆದದ್ದು.

ನಿನ್ನನ್ನು ಯಾರು ಕೇಳಿದರು ನನ್ನ ಕೆಲಸ ಉಳಿಸು ಎಂದು? ನೀನು ಹೊರಗೆ ನಡೆದುಹೋದೆಯಲ್ಲ, ನಿನ್ನ ಹಿಂದಿನ ಬಂಡಿಯಲ್ಲಿ ಇಪ್ಪತ್ತನಾಲ್ಕು ಜನ ಕೂತರು. ಅದರ ಹಿಂದೆ ಮತ್ತೆ ಇಪ್ಪತ್ತನಾಲ್ಕು. ನಾಲ್ಕು ವಾರ. ಅವರಲ್ಲಿ ನಿನ್ನ ಹಾಗೆ ಹಟಮಾರಿ ಒಬ್ಬಳೂ ಇರಲಿಲ್ಲ ಎನ್ನುವುದೊಂದೇ ನಮ್ಮನ್ನು ಉಳಿಸಿದ್ದು. ಚೆಂದ ಕೆಡುತ್ತದೆ ಎಂದು ಬರೆದರೆ ನನಗೆ ಏನು ಅರ್ಥವಾಗಬೇಕು? ನಾನು ಕೆಟ್ಟವಳು ಎಂದು ಗೊತ್ತಿದ್ದೂ, ಕೆಟ್ಟವಳ ಹಾಗೆಯೇ ಓದುತ್ತೇನೆ ಎಂದು ನಿನಗೆ ಹೊಳೆಯಲಿಲ್ಲವೇ?

ನಿನ್ನಣ್ಣನಿಗೆ ಹೇಳಿದೆ. ಅವರು ನನ್ನ ಮೇಲೆ ಕೂಗಾಡಲಿಲ್ಲ. ಎದ್ದು ಹೊರಗೆ ಹೋಗಿ, ತಿರುಗಿ ಬಂದು, "ಮೂರು ಬಸ್ಸು ನೋಡಿದೆ, ನಾಲ್ಕನೇದು ನೋಡಬೇಕಿತ್ತು" ಅಂದರು. ಅದಕ್ಕಿಂತ ಕೂಗಿದ್ದರೆ ಚೆನ್ನಾಗಿತ್ತು.

ನಿನ್ನೆ ಮ್ಯಾನೇಜರ ಹಾಳೆ ವಾಪಸು ಕೊಟ್ಟೆ, ಸಹಿ ಇಲ್ಲದೆ. ಜೊತೆಗೆ ನನ್ನದೊಂದು ಹಾಳೆ. ಚೌಕಟ್ಟು ಬಿಟ್ಟು ನೋಡಿದ ಮೇಲೆ ನಾಲ್ಕು ಬೆರಳು ಬೆಳೆಸಿದ್ದು ನಾನು, ಯಾರನ್ನೂ ಕೇಳಲಿಲ್ಲ. ಒಬ್ಬರಿಗೆ ಪೆಟ್ಟಾಗಿದೆ, ಕಲೆಯನ್ನು ತೊಳೆದವಳೂ ನಾನೇ. ಇನ್ನು ಮೇಲೆ ಬಣ್ಣ ಪೂರ್ತಿ ಮುಗಿದ ಮೇಲೆಯೇ ಚೌಕಟ್ಟು ಬಿಡಬೇಕು, ಆಮೇಲೆ ಒಂದು ಮೊಳೆ ಹೊಡೆದರೂ ಮತ್ತೆ ಬಿಡಬೇಕು. ಇಷ್ಟು ಬರೆದೆ. ಪಾನಾ ಅಜ್ಜ ಕೆಳಗೆ ಸಾಕ್ಷಿ ಹಾಕಿದರು. ಪಾರ್ಕುಗಳನ್ನು ತಪಾಸಣೆ ಮಾಡುವ ಕಚೇರಿಗೆ ಒಂದು ಪ್ರತಿ, ನಿಮ್ಮ ಮ್ಯಾನೇಜರಿಗೆ ಇನ್ನೊಂದು. ಸರಪಳಿ ತೂಗುಹಾಕುವ ಮೊದಲು ಓದಿಕೊಳ್ಳಲಿ.

ಮ್ಯಾನೇಜರ್ ಓದಿ ಮುಗಿಸಿ, "ಪೆಟ್ಟಾದವರು ಯಾರು?" ಅಂದರು. ಹೇಳಲಿಲ್ಲ. ಪಾಸಿನ ಮಾತೂ ಎತ್ತಲಿಲ್ಲ. ನನ್ನ ಕೆಲಸ ಹೋಯಿತು, ಅದು ನನ್ನದು, ನಾನು ಕಳೆದುಕೊಳ್ಳಬಹುದು. ನಿನ್ನ ಹೆಸರು ನನ್ನದಲ್ಲ. ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ. ತುಂಬಿಸುತ್ತೀಯೋ ಇಲ್ಲವೋ, ನಿನಗೆ ಬಿಟ್ಟದ್ದು. ತುಂಬಿಸಿದರೆ ಅಲ್ಲೂ ಕೇಳುತ್ತಾರೆ, ಇಲ್ಲೂ ಕೇಳುತ್ತಾರೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಅಷ್ಟು ಮಾತ್ರ ಹೇಳಬಲ್ಲೆ.

ಪ್ಲಾಸ್ಟರ್ ಕೆಲಸ ಎಲ್ಲಾದರೂ ಸಿಗುತ್ತದೆ. ಗೋಡೆ ಇರುವ ತನಕ ಹೊಟ್ಟೆಪಾಡಿಗೆ ತೊಂದರೆಯಿಲ್ಲ. ಅದನ್ನು ನೆಪ ಮಾಡಿಕೊಂಡು ನೀನು ಅಳಬೇಡ.

ಕಾಗದದಲ್ಲಿ ನನಗೆ ಸಾಕಾಯಿತು. ಬುಧವಾರ ಮೊದಲ ಬಸ್ಸಿಗೆ ಬರುತ್ತಿದ್ದೇವೆ, ನಿನ್ನಣ್ಣನೂ ನಾನೂ, ಮುಂದಿನ ಸೀಟಿನಲ್ಲಿ. ಕೈಯನ್ನು ಹಿಂದೆ ಬಚ್ಚಿಟ್ಟುಕೊಂಡು ಬಾಗಿಲು ತೆಗೆದರೆ ಹೊಸ್ತಿಲ ಮೇಲೇ ಜಗಳ ಶುರು. ಕೋಣೆಯವಳಿಗೂ ಹೇಳು, ಅಂದು ಬರೆಯುವುದೇನೂ ಇರುವುದಿಲ್ಲ, ಕೇಳಿಸಿಕೊಂಡರೆ ಸಾಕು.

ಊಟಕ್ಕೆ ಮೂವರದನ್ನೂ ನಾನೇ ಕಟ್ಟಿಕೊಂಡು ಬರುತ್ತೇನೆ. ಕೋಪ ಇಳಿದ ಮೇಲೆ ಉಣ್ಣೋಣ ಎಂದು ಮಾತ್ರ ಹೇಳಬೇಡ. ಹಾಗೆ ಕಾದರೆ ನಾವಿಬ್ಬರೂ ಉಪವಾಸ ಬೀಳುತ್ತೇವೆ.

ಅತ್ತಿಗೆ